ಹತ್ತು ಗಂಟೆ ದುಡಿಮೆ ಸಾಕು: ಲೋವೆಲ್ ಮಿಲ್ಲಿನ ಹೆಣ್ಣುಮಕ್ಕಳ ಹೋರಾಟದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಕಾರ್ಮಿಕ ಚಳವಳಿ ಅಂದ ಕೂಡಲೇ ನಮ್ಮಲ್ಲಿ ಬಹಳ ಜನಕ್ಕೆ ನೆನಪಾಗುವುದು 1886ರ ಷಿಕಾಗೋ ಮತ್ತು ಮೇ ದಿನ. ಅದಕ್ಕೂ ಐವತ್ತು ವರ್ಷ ಮೊದಲೇ ಹಳ್ಳಿಗಳಿಂದ ಬಂದ ಹುಡುಗಿಯರು ಮಗ್ಗ ನಿಲ್ಲಿಸಿ ಬೀದಿಗೆ ಇಳಿದಿದ್ದರು. ಅವರಿಗೆ ಓಟಿನ ಹಕ್ಕು ಇರಲಿಲ್ಲ. ಕೈಯಲ್ಲಿ ಇದ್ದದ್ದು ಅರ್ಜಿ ಮತ್ತು ಸಹಿ, ಅಷ್ಟೇ. ಈ ಕಥೆ ನನ್ನ ಮನಸ್ಸಿಗೆ ಬಹಳ ಹತ್ತಿರ. ಇದರ ಬಗ್ಗೆ ಮಾತು ಬಂದಾಗಲೆಲ್ಲ ಕೇಳಿಬರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಲೋವೆಲ್ ಎಲ್ಲಿದೆ? ಅಲ್ಲೇ ಯಾಕೆ ಮಿಲ್ಲುಗಳು ಬಂದವು?

ಅಮೆರಿಕದ ಈಶಾನ್ಯಕ್ಕೆ ಮ್ಯಾಸಚೂಸೆಟ್ಸ್ ರಾಜ್ಯವಿದೆ. ಅಲ್ಲಿ ಬಾಸ್ಟನ್‌ನಿಂದ ಸುಮಾರು 40 ಕಿಲೋಮೀಟರ್ ದೂರದ ಊರು ಲೋವೆಲ್. ಮೆರಿಮ್ಯಾಕ್ ನದಿ ಅಲ್ಲಿ 30 ಅಡಿಯಷ್ಟು ಕೆಳಕ್ಕೆ ಇಳಿಯುತ್ತದೆ. ಗೋಕಾಕ ಫಾಲ್ಸ್ ಪಕ್ಕದಲ್ಲೇ ಹತ್ತಿ ಮಿಲ್ಲು ಯಾಕಿದೆ ಅಂತ ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೀರು ಬೀಳುವ ಕಡೆ ಚಕ್ರ ತಿರುಗುತ್ತದೆ. ಚಕ್ರ ತಿರುಗಿದರೆ ಸಾವಿರಾರು ಕದಿರು ತಿರುಗುತ್ತವೆ.

ಊರಿಗೆ ಹೆಸರು ಬಂದದ್ದು ಫ್ರಾನ್ಸಿಸ್ ಕ್ಯಾಬಟ್ ಲೋವೆಲ್ ಎಂಬ ಬಾಸ್ಟನ್ ವ್ಯಾಪಾರಿಯಿಂದ. ಅವರು 1810ರಿಂದ 1812ರವರೆಗೆ ಇಂಗ್ಲೆಂಡಿನಲ್ಲಿದ್ದು ಅಲ್ಲಿನ ಯಂತ್ರದ ಮಗ್ಗಗಳನ್ನು ನೋಡಿ ಬಂದರು. ಯಂತ್ರವನ್ನಾಗಲಿ ಅದರ ನಕ್ಷೆಯನ್ನಾಗಲಿ ದೇಶದ ಹೊರಗೆ ಒಯ್ಯಲು ಇಂಗ್ಲೆಂಡ್ ಬಿಡುತ್ತಿರಲಿಲ್ಲ. ಹಾಗಾಗಿ ಕಂಡದ್ದನ್ನು ತಲೆಯಲ್ಲೇ ಇಟ್ಟುಕೊಂಡು ಬಂದು, ಪಾಲ್ ಮೂಡಿ ಎಂಬ ಯಂತ್ರಕುಶಲಿಯ ಜೊತೆ ಸೇರಿ 1814ರಲ್ಲಿ ವಾಲ್ಥಮ್ ಊರಿನಲ್ಲಿ ಮಿಲ್ಲು ಶುರು ಮಾಡಿದರು. ಅರಳೆ ಒಳಗೆ ಹೋದರೆ ಬಟ್ಟೆಯಾಗಿ ಹೊರಗೆ ಬರಬೇಕು, ಎಲ್ಲ ಕೆಲಸ ಒಂದೇ ಸೂರಿನ ಕೆಳಗೆ ಆಗಬೇಕು ಎಂಬುದು ಅವರ ಯೋಚನೆ. 1817ರಲ್ಲಿ ಅವರು ತೀರಿಕೊಂಡರು. ಅವರ ಪಾಲುದಾರರು 1822ರಲ್ಲಿ ಮೆರಿಮ್ಯಾಕ್ ದಂಡೆಯಲ್ಲಿ ಹೊಸ ಮಿಲ್ಲುಗಳನ್ನು ಕಟ್ಟತೊಡಗಿದರು. 1826ರಲ್ಲಿ ಆ ಜಾಗ ಲೋವೆಲ್ ಊರಾಯಿತು, 1836ರಲ್ಲಿ ನಗರವಾಯಿತು. ಹೊಲ ಇದ್ದ ಜಾಗದಲ್ಲಿ 1850ರ ಹೊತ್ತಿಗೆ 33 ಸಾವಿರ ಜನ ಇದ್ದರು.

ಅದಕ್ಕೂ ಮೊದಲು ಅಮೆರಿಕದಲ್ಲಿ ಕಾರ್ಖಾನೆ ಇರಲಿಲ್ವಾ?

ಇತ್ತು. ಸ್ಯಾಮ್ಯುಯೆಲ್ ಸ್ಲೇಟರ್ ಎಂಬಾತ ಇಂಗ್ಲೆಂಡಿನಿಂದ ಬಂದು 1790ರಲ್ಲಿ ರೋಡ್ ಐಲೆಂಡ್ ರಾಜ್ಯದ ಪಾಟಕೆಟ್ ಊರಿನಲ್ಲಿ ನೀರಿನ ಶಕ್ತಿಯಿಂದ ನೂಲು ತೆಗೆದಿದ್ದ. ಅಲ್ಲಿ ಮೊದಲು ಕೆಲಸಕ್ಕೆ ಸೇರಿದವರು ಮಕ್ಕಳು. ಏಳು, ಎಂಟು, ಹತ್ತು ವರ್ಷದವರು. ಆಮೇಲೆ ಅಪ್ಪ, ಅಮ್ಮ, ಮಕ್ಕಳು ಅಂತ ಇಡೀ ಕುಟುಂಬವನ್ನೇ ಕೆಲಸಕ್ಕೆ ಇಟ್ಟುಕೊಳ್ಳುವ ಪದ್ಧತಿ ಬಂತು.

ಅಮೆರಿಕದ ಮೊದಲ ಕಾರ್ಖಾನೆ ಮುಷ್ಕರ ನಡೆದದ್ದೂ ಪಾಟಕೆಟ್‌ನಲ್ಲೇ, 1824ರಲ್ಲಿ. ದುಡಿಮೆಯ ಹೊತ್ತು ಜಾಸ್ತಿ ಮಾಡಿ ನೇಯುವವರ ಕೂಲಿ ಕಡಿಮೆ ಮಾಡುತ್ತೇವೆ ಎಂದು ಮಾಲೀಕರು ಹೇಳಿದರು. ಸುಮಾರು ನೂರು ಹೆಂಗಸರು ಕೆಲಸ ಬಿಟ್ಟು ಹೊರಗೆ ಬಂದರು. ಊರಿನವರು ಅವರ ಜೊತೆ ನಿಂತರು.

ಲೋವೆಲ್‌ನಲ್ಲಿ ಹೆಣ್ಣುಮಕ್ಕಳನ್ನೇ ಯಾಕೆ ತೆಗೆದುಕೊಂಡರು?

ಗಂಡಸರು ಹೊಲ ಬಿಟ್ಟು ಬರುತ್ತಿರಲಿಲ್ಲ. ಬಂದರೂ ಅವರಿಗೆ ಜಾಸ್ತಿ ಕೂಲಿ ಕೊಡಬೇಕಿತ್ತು. ನ್ಯೂ ಹ್ಯಾಂಪ್‌ಶೈರ್, ವರ್ಮಾಂಟ್, ಮೇನ್ ಕಡೆಯ ಬೇಸಾಯದ ಮನೆಗಳಲ್ಲಿ ನೂಲುವುದು, ನೇಯುವುದು ಹೆಣ್ಣುಮಕ್ಕಳಿಗೆ ಮೊದಲೇ ಬರುತ್ತಿತ್ತು. ಮಿಲ್ಲಿನ ಬಟ್ಟೆ ಅಗ್ಗವಾಗಿ ಸಿಗತೊಡಗಿದ ಮೇಲೆ ಮನೆಯ ಮಗ್ಗಕ್ಕೆ ಕೆಲಸ ಕಡಿಮೆಯಾಯಿತು. ಮನೆಯಲ್ಲಿ ನೇಯುತ್ತಿದ್ದ ಹುಡುಗಿಯೇ ಮಿಲ್ಲಿಗೆ ನೇಯಲು ಹೋದಳು.

ಮಗಳನ್ನು ದೂರದ ಊರಿಗೆ ಕಳಿಸಲು ಅಪ್ಪ-ಅಮ್ಮನಿಗೆ ಭಯ ಇರುತ್ತದೆ, ಅಲ್ವಾ? ಅದಕ್ಕೇ ಕಂಪನಿಗಳು ಊಟ-ವಸತಿ ಮನೆಗಳನ್ನು ಕಟ್ಟಿದವು. ಹೆಚ್ಚಾಗಿ ವಿಧವೆಯರೇ ಅವನ್ನು ನಡೆಸುತ್ತಿದ್ದರು. ರಾತ್ರಿ ಹತ್ತಕ್ಕೆ ಬಾಗಿಲು ಹಾಕಬೇಕು, ಭಾನುವಾರ ಚರ್ಚಿಗೆ ಹೋಗಬೇಕು, ನಡತೆ ಸರಿಯಿಲ್ಲ ಎಂದರೆ ಕೆಲಸ ಹೋಯಿತು. ಒಂದು ಕೋಣೆಯಲ್ಲಿ ನಾಲ್ಕು, ಆರು, ಕೆಲವು ಕಡೆ ಎಂಟು ಹುಡುಗಿಯರು ಇರುತ್ತಿದ್ದರು. ಊಟ-ವಸತಿಗೆ ವಾರಕ್ಕೆ 1 ಡಾಲರ್ 25 ಸೆಂಟ್ ಮುರಿದುಕೊಳ್ಳುತ್ತಿದ್ದರು.

ಹಾಗಾದರೆ ಅವರನ್ನು ಬಲವಂತದಿಂದ ಕರೆತಂದರಾ?

ಇಲ್ಲ. ಬಹಳ ಹುಡುಗಿಯರು ಖುಷಿಯಿಂದಲೇ ಬಂದರು. ತಮ್ಮದೇ ದುಡ್ಡನ್ನು ಕೈಯಲ್ಲಿ ಹಿಡಿದದ್ದು ಅವರಿಗೆ ಅದೇ ಮೊದಲು. ತಮ್ಮನ ಓದಿಗೆ ಕಳಿಸಿದವರಿದ್ದಾರೆ, ಹೊಲದ ಸಾಲ ತೀರಿಸಿದವರಿದ್ದಾರೆ, ಮದುವೆಗೆಂದು ಬ್ಯಾಂಕಿನಲ್ಲಿ ಕೂಡಿಟ್ಟವರಿದ್ದಾರೆ. ಊರಿನಲ್ಲಿ ಗ್ರಂಥಾಲಯ ಇತ್ತು, ಸಂಜೆ ಉಪನ್ಯಾಸಗಳಿದ್ದವು. ಹುಡುಗಿಯರೇ ಬರೆದ ಕಥೆ, ಕವಿತೆಗಳ ಪತ್ರಿಕೆ 1840ರಿಂದ 1845ರವರೆಗೆ ಹೊರಬಂತು. ಅದರ ಹೆಸರು ‘ಲೋವೆಲ್ ಆಫರಿಂಗ್’. 1842ರಲ್ಲಿ ಚಾರ್ಲ್ಸ್ ಡಿಕನ್ಸ್ ಬಂದು ನೋಡಿ ಮೆಚ್ಚಿ ಹೋದರು.

ಈ ಒಳ್ಳೆಯ ಮಾತುಗಳನ್ನು ನಾನು ಮುಚ್ಚಿಡುವುದಿಲ್ಲ. ತಾವೂ ದುಡಿಯಬಲ್ಲೆವು, ಓದಬಲ್ಲೆವು ಎಂದು ಕಂಡುಕೊಂಡವರಿಗೆ ತಮ್ಮ ಹೊತ್ತು ಎಲ್ಲಿ ಹೋಗುತ್ತಿದೆ ಎಂಬುದೂ ಕಾಣತೊಡಗಿತು. ಹೋರಾಟ ಹುಟ್ಟಿದ್ದು ಅಲ್ಲಿಂದ.

ಒಂದು ದಿನದ ಕೆಲಸ ಹೇಗಿರುತ್ತಿತ್ತು?

ಎಲ್ಲವೂ ಗಂಟೆಯ ಸದ್ದಿನ ಮೇಲೆ ನಡೆಯುತ್ತಿತ್ತು. ಏಳಲು ಗಂಟೆ, ಒಳಗೆ ಹೋಗಲು ಗಂಟೆ, ಊಟಕ್ಕೆ ಗಂಟೆ, ಮಲಗಲು ಗಂಟೆ. ಹುಬ್ಬಳ್ಳಿ, ದಾವಣಗೆರೆಯಲ್ಲಿ ಮಿಲ್ಲಿನ ಕೂಗು ಕೇಳಿ ಬೆಳೆದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಬೇಸಿಗೆಯಲ್ಲಿ ಬೆಳಗ್ಗೆ ಐದಕ್ಕೆ ಶುರುವಾದರೆ ಸಂಜೆ ಏಳಕ್ಕೆ ಮುಗಿಯುತ್ತಿತ್ತು. ನಡುವೆ ತಿಂಡಿಗೆ ಅರ್ಧ ಗಂಟೆ, ಮಧ್ಯಾಹ್ನದ ಊಟಕ್ಕೆ ಅರ್ಧ ಅಥವಾ ಮುಕ್ಕಾಲು ಗಂಟೆ. ಆ ಹೊತ್ತಿನಲ್ಲೇ ವಸತಿ ಮನೆಗೆ ಓಡಬೇಕು, ಉಣ್ಣಬೇಕು, ಓಡಿ ಬರಬೇಕು. ವಾರಕ್ಕೆ ಸರಾಸರಿ 73 ಗಂಟೆ ದುಡಿಮೆ.

ಗಾಳಿ ಒಣಗಿದರೆ ನೂಲು ಕಡಿಯುತ್ತದೆ. ಅದಕ್ಕೆ ಕಿಟಕಿ ಮುಚ್ಚಿಯೇ ಇರುತ್ತಿದ್ದರು. ಒಳಗೆಲ್ಲ ಹತ್ತಿಯ ಧೂಳು, ಎಣ್ಣೆ ದೀಪದ ಹೊಗೆ. ನೂರಾರು ಮಗ್ಗಗಳ ಸದ್ದಿನಲ್ಲಿ ಪಕ್ಕದವಳ ಮಾತೂ ಕೇಳಿಸುತ್ತಿರಲಿಲ್ಲ. ಕೆಲಸದ ಹೊತ್ತಿನಲ್ಲಿ ಪುಸ್ತಕ ತರುವಂತಿರಲಿಲ್ಲ. ಮುಂದೆ ಕವಯಿತ್ರಿಯಾದ ಲೂಸಿ ಲಾರ್ಕಮ್ ಪತ್ರಿಕೆಯ ಕವಿತೆಗಳನ್ನು ಕತ್ತರಿಸಿ ತನ್ನ ಕಿಟಕಿಯ ಪಕ್ಕ ಅಂಟಿಸಿಕೊಂಡಿದ್ದಳು. ಕೆಲಸದ ನಡುವೆ ಕಣ್ಣು ಹಾಯಿಸಿ ಒಂದೊಂದೇ ಸಾಲು ಓದುತ್ತಿದ್ದಳು. ಇದನ್ನು ನೆನೆದಾಗೆಲ್ಲ ನನ್ನ ಎದೆ ಭಾರವಾಗುತ್ತದೆ.

ಮೊದಲ ಮುಷ್ಕರ ಯಾವಾಗ ಆಯಿತು? ಗೆದ್ದರಾ?

1834ರ ಫೆಬ್ರವರಿಯಲ್ಲಿ. ಬಟ್ಟೆಯ ಬೆಲೆ ಇಳಿದಿದೆ, ಕೂಲಿ ಕಡಿತ ಮಾಡುತ್ತೇವೆ ಎಂದು ಕಂಪನಿಗಳು ಹೇಳಿದವು. ಸುಮಾರು 800 ಹುಡುಗಿಯರು ಕೆಲಸ ಬಿಟ್ಟು ಮೆರವಣಿಗೆ ಹೋದರು. ಬ್ಯಾಂಕಿಗೆ ಹೋಗಿ ತಮ್ಮ ಉಳಿತಾಯವನ್ನೂ ತೆಗೆದುಕೊಂಡರು. ಕೆಲವೇ ದಿನಗಳಲ್ಲಿ ಮುಷ್ಕರ ಮುರಿದುಬಿತ್ತು. ಕಡಿತ ಹಾಗೇ ಉಳಿಯಿತು.

1836ರಲ್ಲಿ ಊಟ-ವಸತಿಯ ದರ ಏರಿಸಿದರು. ಕೂಲಿ ಅಷ್ಟೇ ಇದ್ದು ಊಟದ ದರ ಏರಿದರೆ ಅದೂ ಕೂಲಿ ಕಡಿತವೇ. ಈ ಸಲ ಹೊರಬಂದವರು 1,500ಕ್ಕೂ ಹೆಚ್ಚು. ಸಂಘ ಕಟ್ಟಿಕೊಂಡರು, ಯಾವ ಕೋಣೆಯವರು ಹೊರಬಂದರೆ ಮಿಲ್ಲು ನಿಲ್ಲುತ್ತದೆ ಎಂದು ಲೆಕ್ಕ ಹಾಕಿದರು, ತಿಂಗಳುಗಟ್ಟಲೆ ನಿಂತರು. ಕೆಲವು ಕಂಪನಿಗಳು ಏರಿಸಿದ ದರವನ್ನು ಹಿಂದಕ್ಕೆ ತೆಗೆದುಕೊಂಡವು.

ಆ ಮುಷ್ಕರದಲ್ಲಿ ಹ್ಯಾರಿಯೆಟ್ ಹ್ಯಾನ್ಸನ್ ಎಂಬ ಹುಡುಗಿಗೆ ಹನ್ನೊಂದು ವರ್ಷ. ತುಂಬಿದ ಕಂಡಿಕೆ ತೆಗೆದು ಖಾಲಿ ಕಂಡಿಕೆ ಹಾಕುವ ಕೆಲಸಕ್ಕೆ ಹತ್ತನೇ ವಯಸ್ಸಿಗೇ ಸೇರಿದ್ದಳು. ಅವಳ ಕೋಣೆಯ ದೊಡ್ಡ ಹುಡುಗಿಯರು ಹೋಗೋಣವಾ ಬೇಡವಾ ಎಂದು ಹಿಂದೆ ಮುಂದೆ ನೋಡುತ್ತಿದ್ದಾಗ, ಯಾರು ಬಂದರೂ ಬಿಟ್ಟರೂ ನಾನು ಹೋಗುತ್ತೇನೆ ಎಂದು ಹೊರಟೇಬಿಟ್ಟಳು. ತಿರುಗಿ ನೋಡಿದರೆ ಎಲ್ಲರೂ ಹಿಂದೆ ಬರುತ್ತಿದ್ದರು. ಅವಳ ತಾಯಿ ಕಂಪನಿಯ ವಸತಿ ಮನೆ ನಡೆಸುವ ವಿಧವೆ. ಮಗಳನ್ನು ತಡೆಯಲಿಲ್ಲ ಎಂದು ಆ ತಾಯಿಯನ್ನು ಕೆಲಸದಿಂದ ತೆಗೆದರು. ಈ ಹುಡುಗಿ ದೊಡ್ಡವಳಾಗಿ ಮಹಿಳೆಯರ ಓಟಿನ ಹಕ್ಕಿಗಾಗಿ ದುಡಿದಳು. ಮಿಲ್ಲಿನ ದಿನಗಳ ನೆನಪನ್ನು 1898ರಲ್ಲಿ ಪುಸ್ತಕವಾಗಿ ತಂದಳು.

ಕೂಲಿ ಬಿಟ್ಟು ಹತ್ತು ಗಂಟೆಯ ಹಿಂದೆ ಯಾಕೆ ಬಿದ್ದರು?

ಇದು ನನಗೆ ಬಹಳ ಮುಖ್ಯ ಅನ್ನಿಸುವ ಪ್ರಶ್ನೆ.

1837ರಲ್ಲಿ ದೊಡ್ಡ ಆರ್ಥಿಕ ಕುಸಿತ ಬಂತು. ಕೆಲಸ ಹೋಯಿತು, ಸಂಘಗಳೂ ಮುರಿದವು. ಅದರಿಂದ ಚೇತರಿಸಿಕೊಳ್ಳುವಾಗ ಮಿಲ್ಲುಗಳು ಬೇರೆ ದಾರಿ ಹಿಡಿದವು. ಮಗ್ಗದ ವೇಗ ಹೆಚ್ಚಿಸಿದರು. ಎರಡು ಮಗ್ಗ ನೋಡಿಕೊಳ್ಳುತ್ತಿದ್ದವಳಿಗೆ ಮೂರು, ನಾಲ್ಕು ಕೊಟ್ಟರು. ಜಾಸ್ತಿ ಬಟ್ಟೆ ತೆಗೆಸಿದ ಮೇಸ್ತ್ರಿಗೆ ಇನಾಮು ಕೊಟ್ಟರು. ನೇಯ್ದ ಬಟ್ಟೆಯ ಲೆಕ್ಕಕ್ಕೆ ಕೊಡುವ ದರವನ್ನು ಮಾತ್ರ ಇಳಿಸುತ್ತಾ ಹೋದರು. ತಿಂಗಳ ಕೊನೆಗೆ ಕೈಗೆ ಬರುವ ದುಡ್ಡು ಮೊದಲಿನಷ್ಟೇ, ದೇಹ ಸವೆಯುವುದು ಎರಡು ಪಟ್ಟು.

ಕೂಲಿ ಒಂದನ್ನೇ ಕೇಳಿದರೆ ಇದಕ್ಕೆ ಕೊನೆಯಿಲ್ಲ ಎಂದು ಹುಡುಗಿಯರಿಗೆ ಅರ್ಥವಾಯಿತು. ಈ ತಿಂಗಳು ಏರಿಸಿದ್ದನ್ನು ಮುಂದಿನ ತಿಂಗಳು ಇನ್ನೊಂದು ದಾರಿಯಲ್ಲಿ ಕಿತ್ತುಕೊಳ್ಳಬಹುದು. ಹೊತ್ತಿಗೆ ಕಾನೂನಿನ ಗೆರೆ ಬಿದ್ದರೆ ಅದನ್ನು ಕಿತ್ತುಕೊಳ್ಳುವುದು ಕಷ್ಟ. ಹದಿಮೂರು ಗಂಟೆ ದುಡಿದು ಬಂದವಳಿಗೆ ಗ್ರಂಥಾಲಯ ಇದ್ದರೇನು, ಉಪನ್ಯಾಸ ಇದ್ದರೇನು? ಕೂತಲ್ಲೇ ನಿದ್ದೆ. ಅವರ ಬರಹಗಳಲ್ಲಿ ಈ ಮಾತು ಮತ್ತೆ ಮತ್ತೆ ಬರುತ್ತದೆ: ನಮಗೂ ಮನಸ್ಸಿದೆ, ಅದನ್ನು ಬೆಳೆಸಿಕೊಳ್ಳಲು ಹೊತ್ತು ಬೇಕು. ಹೊಟ್ಟೆಪಾಡಿಗೆ ಬಂದವರು ಓದಲು ಹೊತ್ತು ಕೇಳಿದ್ದು ಸಣ್ಣ ಮಾತಲ್ಲ.

ಗಂಡಸರು ಆಗ ಏನು ಮಾಡುತ್ತಿದ್ದರು?

ಹತ್ತು ಗಂಟೆಯ ಬೇಡಿಕೆ ಮೊದಲು ಎತ್ತಿದವರಲ್ಲಿ ಬಡಗಿಗಳು ಮುಂದೆ ಇದ್ದರು. ಫಿಲಡೆಲ್ಫಿಯಾದ ಬಡಗಿಗಳು 1827ರಲ್ಲೇ ಮುಷ್ಕರ ಹೂಡಿದರು. ಸೋತರು. ಆದರೆ ಅದರಿಂದ ಬೇರೆ ಬೇರೆ ಕಸುಬಿನವರ ಒಕ್ಕೂಟ ಹುಟ್ಟಿತು, 1828ರಲ್ಲಿ ದುಡಿಯುವವರ ಪಕ್ಷವೂ ಬಂತು. ಎಲ್ಲ ಮಕ್ಕಳಿಗೆ ಬಿಟ್ಟಿ ಶಾಲೆ ಬೇಕು, ಸಾಲ ತೀರಿಸದವರನ್ನು ಜೈಲಿಗೆ ಹಾಕಬಾರದು, ಕಟ್ಟಡದ ಮಾಲೀಕ ದಿವಾಳಿಯಾದರೆ ಕೆಲಸಗಾರನ ಕೂಲಿ ಮೊದಲು ಸಿಗಬೇಕು. ಇವು ಆ ಪಕ್ಷಗಳ ಬೇಡಿಕೆಗಳು. ಪಕ್ಷಗಳು ಜಾಸ್ತಿ ದಿನ ಬಾಳಲಿಲ್ಲ, ಬೇಡಿಕೆಗಳು ಬಾಳಿದವು. ನ್ಯೂಯಾರ್ಕ್ ರಾಜ್ಯ 1831ರಲ್ಲೇ ಸಾಲಕ್ಕೆ ಜೈಲು ಎಂಬುದನ್ನು ತೆಗೆದುಹಾಕಿತು.

1835ರಲ್ಲಿ ಫಿಲಡೆಲ್ಫಿಯಾದ ನದಿ ದಂಡೆಯಲ್ಲಿ ಕಲ್ಲಿದ್ದಲು ಇಳಿಸುವ ಐರಿಷ್ ಹಮಾಲರು ಕೆಲಸ ನಿಲ್ಲಿಸಿದರು. ಅವರ ಬೆನ್ನಿಗೆ ಬಡಗಿ, ಚಮ್ಮಾರ, ದರ್ಜಿ, ಬಣ್ಣ ಬಳಿಯುವವರು ಎಲ್ಲರೂ ಬಂದರು. ಬೆಳಗ್ಗೆ ಆರರಿಂದ ಸಂಜೆ ಆರು, ನಡುವೆ ಎರಡು ಗಂಟೆ ಊಟಕ್ಕೆ ಎಂಬುದು ಅವರ ಕೂಗು. ನಗರಸಭೆ ತನ್ನ ಕೆಲಸಗಾರರಿಗೆ ಹತ್ತು ಗಂಟೆ ಒಪ್ಪಿತು. 1840ರಲ್ಲಿ ಅಧ್ಯಕ್ಷ ಮಾರ್ಟಿನ್ ವ್ಯಾನ್ ಬ್ಯೂರನ್ ಕೇಂದ್ರ ಸರ್ಕಾರದ ಕಾಮಗಾರಿಗಳಿಗೂ ಅದನ್ನೇ ಆದೇಶ ಮಾಡಿದರು. ಮಿಲ್ಲಿನ ಬಾಗಿಲ ತನಕ ಮಾತ್ರ ಅದು ಬರಲಿಲ್ಲ.

ಆಗ ಸಂಘ ಕಟ್ಟುವುದು ಅಪರಾಧವಾಗಿತ್ತಾ?

ಕೆಲವು ನ್ಯಾಯಾಲಯಗಳು ಹಾಗೇ ನೋಡಿದವು. 1806ರಲ್ಲಿ ಫಿಲಡೆಲ್ಫಿಯಾದ ಚಮ್ಮಾರರು ಒಟ್ಟಾಗಿ ಕೂಲಿ ಕೇಳಿದ್ದು ಒಳಸಂಚು ಎಂದು ತೀರ್ಪಾಯಿತು. ತಲೆಗೆ 8 ಡಾಲರ್ ದಂಡ. 1842ರಲ್ಲಿ ಬಾಸ್ಟನ್ನಿನ ಬೂಟು ಹೊಲಿಯುವವರ ಮೊಕದ್ದಮೆಯಲ್ಲಿ ಮ್ಯಾಸಚೂಸೆಟ್ಸಿನ ಮುಖ್ಯ ನ್ಯಾಯಮೂರ್ತಿ ಲೆಮ್ಯುಯೆಲ್ ಶಾ, ಸಂಘ ಕಟ್ಟಿದ ಮಾತ್ರಕ್ಕೆ ಅಪರಾಧವಾಗುವುದಿಲ್ಲ ಎಂದರು.

ಸಾರಾ ಬ್ಯಾಗ್ಲಿ ಯಾರು?

ನ್ಯೂ ಹ್ಯಾಂಪ್‌ಶೈರಿನವರು, ಹುಟ್ಟಿದ್ದು 1806ರಲ್ಲಿ. ಲೋವೆಲ್ಲಿನ ಹ್ಯಾಮಿಲ್ಟನ್ ಕಂಪನಿಯ ಮಿಲ್ಲಿಗೆ ಸೇರುವಾಗ ಮೂವತ್ತು ದಾಟಿತ್ತು. ಉಳಿದ ಹುಡುಗಿಯರಿಗೆ ಅಕ್ಕನ ವಯಸ್ಸು. ಮೊದಮೊದಲು ಮಿಲ್ಲಿನ ಬದುಕಿನ ಬಗ್ಗೆ ಒಳ್ಳೆಯ ಮಾತನ್ನೇ ಬರೆದರು. ಎಂಟು ವರ್ಷದ ದುಡಿಮೆ ಅವರ ಮಾತನ್ನು ಬದಲಿಸಿತು. 1844ರ ಕೊನೆಗೆ ಕೆಲವೇ ಗೆಳತಿಯರ ಜೊತೆ ಸೇರಿ ಲೋವೆಲ್ ಮಹಿಳಾ ಕಾರ್ಮಿಕ ಸುಧಾರಣಾ ಸಂಘ ಕಟ್ಟಿದರು. ತಿಂಗಳುಗಳಲ್ಲೇ ಅದಕ್ಕೆ ನೂರಾರು ಸದಸ್ಯರು ಸೇರಿದರು, ಬೇರೆ ಮಿಲ್ಲು ಊರುಗಳಲ್ಲೂ ಶಾಖೆ ಹುಟ್ಟಿದವು. ‘ವಾಯ್ಸ್ ಆಫ್ ಇಂಡಸ್ಟ್ರಿ’ ಎಂಬ ಕಾರ್ಮಿಕರ ಪತ್ರಿಕೆ ಲೋವೆಲ್ಲಿಗೆ ಬಂದಾಗ ಅದನ್ನು ನಡೆಸುವವರಲ್ಲಿ ಅವರೂ ಒಬ್ಬರಾದರು.

1846ರಲ್ಲಿ ಅವರು ಲೋವೆಲ್ಲಿನ ಟೆಲಿಗ್ರಾಫ್ ಕಚೇರಿಗೆ ಸೇರಿದರು. ಅಮೆರಿಕದಲ್ಲಿ ಈ ಕೆಲಸ ಮಾಡಿದ ಮೊದಲ ಹೆಂಗಸರಲ್ಲಿ ಅವರೂ ಒಬ್ಬರು. ಅಲ್ಲೂ ಗಂಡಸಿಗಿಂತ ಕಡಿಮೆ ಸಂಬಳ. ಮುಂದೆ ಮದುವೆಯಾಗಿ ಗಂಡನ ಜೊತೆ ಹೋಮಿಯೋಪತಿ ವೈದ್ಯ ಮಾಡಿದರು. 1889ರಲ್ಲಿ ತೀರಿಕೊಂಡರು.

ಶಾಸನಸಭೆಯ ಮುಂದೆ ಏನಾಯಿತು?

ಹತ್ತು ಗಂಟೆಯ ಕಾನೂನು ಮಾಡಿ ಎಂದು 2,000ಕ್ಕೂ ಹೆಚ್ಚು ಜನ ಸಹಿ ಹಾಕಿದ ಅರ್ಜಿಗಳು ಮ್ಯಾಸಚೂಸೆಟ್ಸ್ ಶಾಸನಸಭೆಗೆ ಹೋದವು. 1845ರ ಫೆಬ್ರವರಿಯಲ್ಲಿ ಒಂದು ಸಮಿತಿ ವಿಚಾರಣೆ ನಡೆಸಿತು. ಸಹಿ ಹಾಕಿದವರಲ್ಲಿ ಹೆಚ್ಚಿನವರು ಹೆಂಗಸರು, ಆದ್ದರಿಂದ ಅವರೇ ಬಂದು ಮಾತಾಡಲಿ ಎಂದು ಸಮಿತಿ ಹೇಳಿತು. ತುಂಬಿದ ಸಭೆಯಲ್ಲಿ ಹೆಂಗಸರು ಎದ್ದು ಮಾತಾಡುವುದೇ ತಪ್ಪು ಎನ್ನುತ್ತಿದ್ದ ಕಾಲ ಅದು. ಇವರು ಹೆದರಲಿಲ್ಲ. ಹೋದರು, ಹೇಳಿದರು.

ಎಲಿಜಾ ಹೆಮೆನ್‌ವೇ ಎಂಬಾಕೆ ತಾನು ನೇಯುವ ಕೋಣೆಯ ಲೆಕ್ಕ ಕೊಟ್ಟಳು. ಒಳಗೆ 293 ಸಣ್ಣ ದೀಪ, 61 ದೊಡ್ಡ ದೀಪ. ಚಳಿಗಾಲದಲ್ಲಿ ಬೆಳಗ್ಗೆಯೂ ಸಂಜೆಯೂ ಇವು ಉರಿಯಬೇಕು. ಆ ಹೊಗೆಯಲ್ಲಿ 130 ಹೆಂಗಸರು, 11 ಗಂಡಸರು, 12 ಮಕ್ಕಳು ಉಸಿರಾಡಬೇಕು. ಅಳಲಿಲ್ಲ, ಬೈಯಲಿಲ್ಲ, ದೀಪ ಎಣಿಸಿ ಹೇಳಿದಳು. ಈ ಸಾಕ್ಷಿ ಓದಿದ ದಿನದಿಂದ ಆ ಎರಡು ಅಂಕಿಗಳು ನನ್ನ ತಲೆಯಿಂದ ಹೋಗಿಲ್ಲ.

ಸಮಿತಿಯವರು ಲೋವೆಲ್ಲಿಗೂ ಹೋಗಿ ನೋಡಿದರು. ಮಿಲ್ಲು ಚೊಕ್ಕವಾಗಿದೆ, ಕಿಟಕಿಗಳಲ್ಲಿ ಹೂಗಿಡ ಇವೆ ಎಂದು ಬರೆದರು. ದುಡಿಮೆಯ ಹೊತ್ತು ಕಡಿಮೆಯಾದರೆ ಒಳ್ಳೆಯದೇ, ಆದರೆ ಅದಕ್ಕೆ ಪರಿಹಾರ ನಮ್ಮ ಕೈಯಲ್ಲಿಲ್ಲ, ಮಾಲೀಕರೂ ಕೆಲಸಗಾರರೂ ತಮ್ಮಲ್ಲೇ ಮಾತಾಡಿಕೊಳ್ಳಲಿ ಎಂದು ಕೈ ತೊಳೆದುಕೊಂಡರು. ಲಕ್ಷಗಟ್ಟಲೆ ಗಜ ಬಟ್ಟೆ ಮಾರುವ ಕಂಪನಿಯೂ ಕೂಲಿಗೆ ದುಡಿಯುವ ಹುಡುಗಿಯೂ ಸಮಾನರಾಗಿ ಕೂತು ಮಾತಾಡುವುದು ಎಲ್ಲಿಯ ಮಾತು?

ಸಮಿತಿಯ ಅಧ್ಯಕ್ಷ ವಿಲಿಯಂ ಶೌಲರ್ ಲೋವೆಲ್ಲಿನಿಂದಲೇ ಆರಿಸಿ ಬಂದಿದ್ದವರು. ಮುಂದಿನ ಚುನಾವಣೆಯಲ್ಲಿ ಅವರನ್ನು ಸೋಲಿಸಿ ಎಂದು ಸಂಘ ಊರಿಗೆಲ್ಲ ಕೇಳಿಕೊಂಡಿತು. ಓಟಿಲ್ಲದ ಹೆಂಗಸರ ಮಾತು ಓಟಿದ್ದವರಿಗೆ ಮುಟ್ಟಿತು. ಅವರು ಸೋತರು. 1846ರಲ್ಲಿ ಅರ್ಜಿಗೆ ಬಿದ್ದ ಸಹಿ ಸುಮಾರು 10 ಸಾವಿರ. ಶಾಸನಸಭೆ ಮತ್ತೆ ಇಲ್ಲ ಎಂದಿತು.

ಹಾಗಾದರೆ ಕಾನೂನು ಬಂದದ್ದು ಯಾವಾಗ?

ಮೊದಲು ಬಂದದ್ದು ಪಕ್ಕದ ನ್ಯೂ ಹ್ಯಾಂಪ್‌ಶೈರಿನಲ್ಲಿ, 1847ರಲ್ಲಿ. ಆದರೆ ಕೆಲಸಗಾರರು ಬೇರೆ ಕರಾರಿಗೆ ಸಹಿ ಹಾಕಿದರೆ ಜಾಸ್ತಿ ದುಡಿಸಬಹುದು ಎಂದು ಅದರಲ್ಲೇ ಒಂದು ಕಿಂಡಿ ಬಿಟ್ಟಿದ್ದರು. ಮಿಲ್ಲುಗಳು ಕರಾರು ಪತ್ರ ಮುಂದಿಟ್ಟವು. ಸಹಿ ಹಾಕದವರಿಗೆ ಕೆಲಸ ಇಲ್ಲ. ಅವರ ಹೆಸರು ಬೇರೆ ಮಿಲ್ಲುಗಳಿಗೂ ಹೋಗುತ್ತಿತ್ತು.

ಅರ್ಜಿಗಳ ಒತ್ತಡ ನಿಲ್ಲಲಿಲ್ಲ. 1853ರಲ್ಲಿ ಲೋವೆಲ್ಲಿನ ಕಂಪನಿಗಳು ತಾವಾಗಿಯೇ ದಿನದ ದುಡಿಮೆಯನ್ನು 11 ಗಂಟೆಗೆ ಇಳಿಸಿದವು. ಮ್ಯಾಸಚೂಸೆಟ್ಸಿನಲ್ಲಿ ಹೆಂಗಸರು ಮತ್ತು ಮಕ್ಕಳಿಗೆ ಹತ್ತು ಗಂಟೆಯ ಕಾನೂನು ಬಂದದ್ದು 1874ರಲ್ಲಿ. ಮೊದಲ ಅರ್ಜಿಗಳಿಂದ ಮೂವತ್ತು ವರ್ಷದ ಮೇಲೆ. ಆ ಕಾನೂನನ್ನು ಪ್ರಶ್ನಿಸಿ ಒಂದು ಕಂಪನಿ ಕೋರ್ಟಿಗೆ ಹೋಯಿತು, 1876ರಲ್ಲಿ ರಾಜ್ಯದ ಮೇಲಿನ ಕೋರ್ಟು ಕಾನೂನನ್ನೇ ಎತ್ತಿ ಹಿಡಿಯಿತು. ಸೋತ ಆ ಕಂಪನಿ ಯಾವುದು ಗೊತ್ತಾ? ಹ್ಯಾಮಿಲ್ಟನ್. ಸಾರಾ ಬ್ಯಾಗ್ಲಿ ಮೊದಲು ದುಡಿದ ಕಂಪನಿ. ಆಗ ಅವರಿಗೆ ಎಪ್ಪತ್ತು ವರ್ಷ, ಇನ್ನೂ ಬದುಕಿದ್ದರು.

ಮಕ್ಕಳಿಗೆ ಯಾವ ರಕ್ಷಣೆ ಇತ್ತು?

ಬಹಳ ಕಡಿಮೆ. ಮ್ಯಾಸಚೂಸೆಟ್ಸ್ 1836ರಲ್ಲಿ, 15 ವರ್ಷದೊಳಗಿನ ಮಕ್ಕಳು ವರ್ಷಕ್ಕೆ ಮೂರು ತಿಂಗಳು ಶಾಲೆಗೆ ಹೋಗಿರಬೇಕು ಎಂದಿತು. 1842ರಲ್ಲಿ 12 ವರ್ಷದೊಳಗಿನವರಿಗೆ ದಿನಕ್ಕೆ ಹತ್ತು ಗಂಟೆಯ ಮಿತಿ ಹಾಕಿತು. ಹತ್ತು ವರ್ಷದ ಮಗುವಿಗೆ ಹತ್ತು ಗಂಟೆ ದುಡಿಮೆ ಎಂಬುದೇ ಅಂದಿನ ಸುಧಾರಣೆ.

ಮುಷ್ಕರ, ಕಾನೂನು ಬಿಟ್ಟು ಬೇರೆ ದಾರಿ ಯಾರೂ ಯೋಚಿಸಲಿಲ್ವಾ?

ಯೋಚಿಸಿದರು. ರಾಬರ್ಟ್ ಓವೆನ್ ಎಂಬ ಬ್ರಿಟನ್ನಿನ ಮಿಲ್ಲು ಮಾಲೀಕರು 1825ರಲ್ಲಿ ಇಂಡಿಯಾನಾ ರಾಜ್ಯದಲ್ಲಿ ನ್ಯೂ ಹಾರ್ಮನಿ ಎಂಬ ಊರನ್ನೇ ಕೊಂಡು, ಎಲ್ಲರೂ ಕೂಡಿ ದುಡಿದು ಕೂಡಿ ಬಾಳುವ ಪ್ರಯೋಗ ಮಾಡಿದರು. ಎರಡು ಮೂರು ವರ್ಷಕ್ಕೆ ಅದು ಮುರಿಯಿತು. ಜಾರ್ಜ್ ಹೆನ್ರಿ ಇವಾನ್ಸ್ ಎಂಬ ಮುದ್ರಕ, ಪಶ್ಚಿಮದ ಸರ್ಕಾರಿ ಭೂಮಿಯನ್ನು ದುಡಿಯುವವರಿಗೆ ಬಿಟ್ಟಿ ಕೊಡಿ, ಆಗ ಯಾರೂ ಕೆಟ್ಟ ಕೂಲಿಗೆ ಬಗ್ಗಬೇಕಿಲ್ಲ ಎಂದು 1844ರಿಂದ ಪ್ರಚಾರ ಮಾಡಿದರು. 1862ರಲ್ಲಿ ತಲಾ 160 ಎಕರೆ ಕೊಡುವ ಕಾನೂನು ಬಂದೇ ಬಂತು. ಆ ನೆಲ ಮೂಲನಿವಾಸಿಗಳಿಂದ ಕಿತ್ತುಕೊಂಡದ್ದು ಎಂಬುದನ್ನು ಮರೆಯಬಾರದು.

ಮಿಲ್ಲಿಗೆ ಹತ್ತಿ ಎಲ್ಲಿಂದ ಬರುತ್ತಿತ್ತು?

ದಕ್ಷಿಣದ ರಾಜ್ಯಗಳಿಂದ. ಅಲ್ಲಿ ಹತ್ತಿ ಬಿಡಿಸುತ್ತಿದ್ದವರು ಗುಲಾಮರು. ಲೋವೆಲ್‌ನಲ್ಲಿ ನೇಯ್ದ ಒರಟು ಬಟ್ಟೆಯನ್ನು ಗುಲಾಮರಿಗೆ ಉಡಿಸಲೆಂದು ತೋಟದ ಒಡೆಯರು ಕೊಳ್ಳುತ್ತಿದ್ದರು. ಮಿಲ್ಲಿನ ಎಷ್ಟೋ ಹುಡುಗಿಯರು ಗುಲಾಮಗಿರಿ ನಿಲ್ಲಿಸಿ ಎಂಬ ಅರ್ಜಿಗಳಿಗೂ ಸಹಿ ಹಾಕಿದರು. ಆದರೂ ಅವರ ಮಗ್ಗದ ಹಾಸಿನಲ್ಲೂ ಹೊಕ್ಕಿನಲ್ಲೂ ಇದ್ದದ್ದು ಅದೇ ಹತ್ತಿ. ಈ ಮಾತು ಬಿಟ್ಟು ಲೋವೆಲ್ ಕಥೆ ಹೇಳಿದರೆ ಅರ್ಧ ಮಾತ್ರ ಹೇಳಿದಂತೆ.

ಇಲ್ಲಿ ನಮ್ಮ ಕಡೆಗೂ ಒಂದು ಎಳೆ ಬರುತ್ತದೆ. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ನ್ಯೂ ಆರ್ಲಿಯನ್ಸ್ ತಳಿಯ ಬೀಜ ತರಿಸಿ ಧಾರವಾಡ ಸೀಮೆಯ ಎರೆ ಹೊಲಗಳಲ್ಲಿ ಬಿತ್ತಿಸಿತು. ಆ ಹತ್ತಿಗೆ ಧಾರವಾಡ-ಅಮೆರಿಕನ್ ಎಂದೇ ಹೆಸರಾಯಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಇಂಗ್ಲೆಂಡಿನ ಮಿಲ್ಲುಗಳಿಗೆ ಅಲ್ಲಿನ ಹತ್ತಿ ನಿಂತುಹೋಯಿತು, ಧಾರವಾಡದ ಹತ್ತಿಗೆ ಬೆಲೆ ಏರಿತು. ಅದೇ ಹೊತ್ತಿಗೆ ಲೋವೆಲ್ಲಿನ ಬಹಳಷ್ಟು ಕಂಪನಿಗಳು ದಾಸ್ತಾನಿದ್ದ ಹತ್ತಿಯನ್ನು ಲಾಭಕ್ಕೆ ಮಾರಿ ಬಾಗಿಲು ಹಾಕಿದವು. ಸಾವಿರಾರು ಜನ ಕೆಲಸ ಕಳೆದುಕೊಂಡರು.

ಹಳ್ಳಿಯ ಆ ಹುಡುಗಿಯರು ಆಮೇಲೆ ಎಲ್ಲಿ ಹೋದರು?

1840ರ ದಶಕದ ನಡುವೆ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆ ಹಾಳಾಗಿ ಬರಗಾಲ ಬಿತ್ತು. ಹಸಿದು ಬಂದ ಐರಿಷ್ ಕುಟುಂಬಗಳು ಕಡಿಮೆ ಕೂಲಿಗೂ ಒಪ್ಪಬೇಕಾಯಿತು. ಅಮೆರಿಕದ ಹುಡುಗಿಯರು ನಿಧಾನವಾಗಿ ಮಿಲ್ಲು ಬಿಟ್ಟರು. ಕೆಲವರು ಟೀಚರ್ ಆದರು, ಕೆಲವರು ಮದುವೆಯಾಗಿ ಪಶ್ಚಿಮಕ್ಕೆ ಹೋದರು. ಐರಿಷರ ನಂತರ ಕೆನಡಾದ ಫ್ರೆಂಚರು, ಗ್ರೀಕರು, ಪೋಲೆಂಡಿನವರು ಅದೇ ಮಗ್ಗಗಳ ಮುಂದೆ ನಿಂತರು.

ಈಗ ಹೋದರೆ ಏನಾದರೂ ನೋಡಲು ಸಿಗುತ್ತಾ?

ಸಿಗುತ್ತದೆ. 1978ರಲ್ಲಿ ಲೋವೆಲ್ಲನ್ನು ರಾಷ್ಟ್ರೀಯ ಐತಿಹಾಸಿಕ ಉದ್ಯಾನವಾಗಿ ಮಾಡಿದ್ದಾರೆ. ಹಳೆಯ ಕಾಲುವೆಗಳು ಹಾಗೇ ಇವೆ. ಒಂದು ವಸತಿ ಮನೆಯನ್ನು ಉಳಿಸಿಕೊಂಡಿದ್ದಾರೆ. ಬೂಟ್ ಮಿಲ್ ಎಂಬ ಕಟ್ಟಡದಲ್ಲಿ ಸಾಲಾಗಿ ಮಗ್ಗಗಳನ್ನು ಇಟ್ಟು, ಅವುಗಳಲ್ಲಿ ಕೆಲವನ್ನು ಓಡಿಸಿ ತೋರಿಸುತ್ತಾರೆ. ಬಾಸ್ಟನ್ ಕಡೆ ಇರುವ ಕನ್ನಡದವರು ರೈಲಿನಲ್ಲೇ ಒಂದು ದಿನ ಹೋಗಿ ಬರಬಹುದು. ಮಗ್ಗದ ಕೋಣೆಗೆ ಹೋಗುವ ಮುಂಚೆ ಸದ್ದು ತಡೆಯಲು ಕಿವಿಗೆ ಹಾಕಿಕೊಳ್ಳುವ ಬಿರಡೆ ಕೊಡುತ್ತಾರೆ. ಒಂದು ನಿಮಿಷ ಅದನ್ನು ತೆಗೆದು ನಿಂತು ನೋಡಿ.